ತೇವಾಂಶ

ಗೋಣಿಕೊಪ್ಪದ ಕಾಫಿ ಮಂಡಿಯಲ್ಲಿ ತೂಕ ಬರೆಯುವವಳು ನಾನು.
ಚೀಲ ಏರುತ್ತದೆ, ಕೆಂಪು ಅಂಕಿಗಳು ನಡುಗಿ ನಿಲ್ಲುತ್ತವೆ,
ಬರೆಯುತ್ತೇನೆ: ಐವತ್ತು. ಐವತ್ತು ಇನ್ನೂರು. ನಲವತ್ತೊಂಬತ್ತೂ ಮುಕ್ಕಾಲು.

ಆಪರೇಶನ್ನಿನ ಮೊದಲ ವರ್ಷ
ಆ ಹಲಗೆಯನ್ನು ದಿನಕ್ಕೆರಡು ಸಲ ಹತ್ತುತ್ತಿದ್ದೆ.
ಚೀಲ ಹೊರುವ ಕುಂಞಿರಾಮ ಕೂಗುತ್ತಿದ್ದ,
"ಅಕ್ಕಾ, ಇವತ್ತೂ ಅರ್ಧ ಕಿಲೊ ವಟಾವ!"
ನೂರಾ ಹದಿನೆಂಟರಿಂದ ಎಪ್ಪತ್ತೊಂದು.
ಮಂಡಿಯವರೆಲ್ಲ ಸೇರಿ ನನ್ನನ್ನು ಇಳಿಸಿದ ಹಾಗಿತ್ತು.

ಮೈಸೂರಿನ ಡಾಕ್ಟರು ನನ್ನ ಹೊಟ್ಟೆಯನ್ನು
ಒಂದು ಪುಟ್ಟಬಾಳೆಯಷ್ಟು ಉಳಿಸಿ
ಮಿಕ್ಕಿದ್ದನ್ನು ಕತ್ತರಿಸಿ ತೆಗೆದರು.
ಎಲ್ಲಿ ಹಾಕಿದರೋ, ಕೇಳಲಿಲ್ಲ.
ಕೆಲವು ರಾತ್ರಿ ಅದಕ್ಕೆ ಹಸಿವಾಗುತ್ತದೆ.

ಆಸ್ಪತ್ರೆಯ ಗೋಡೆಯಲ್ಲಿ ನನ್ನವೇ ಎರಡು ಫೋಟೊ.
ಒಂದರ ಕೆಳಗೆ 'ಮೊದಲು', ಇನ್ನೊಂದರ ಕೆಳಗೆ 'ಆಮೇಲೆ'.
ಆಮೇಲಿನ ಆಮೇಲೆಗೆ
ಆ ಗೋಡೆಯಲ್ಲಿ ಮೊಳೆ ಹೊಡೆದಿಲ್ಲ.

ಅದು ಗದ್ದಲ ಮಾಡಿಕೊಂಡು ಬರಲಿಲ್ಲ.
ಹಳೆಯ ಬಾಡಿಗೆದಾರ ಚಪ್ಪಲಿ ಹೊರಗೆ ಬಿಟ್ಟು
ಒಳಗೆ ಬಂದು ಕೂತ ಹಾಗೆ ಬಂತು.
ಅತ್ತೆಯ ಹಾಸಿಗೆಯ ಪಕ್ಕ ಹದಿನಾಲ್ಕು ತಿಂಗಳು,
ರಾತ್ರಿ ಮೂರು ಗಂಟೆಯ ಚಹಾ, ಅದಕ್ಕೆ ಅದ್ದಿದ ರಸ್ಕು.
ರಸ್ಕು ಮೆತ್ತಗಾದರೆ
ಪುಟ್ಟಬಾಳೆಯೂ ಬೇಡ ಅನ್ನುವುದಿಲ್ಲ.
ಅತ್ತೆ ಹೋದರು. ರಸ್ಕು ಉಳಿಯಿತು.

ಪೊನ್ನಂಪೇಟೆಯಲ್ಲಿ ಮದುವೆ, ಊಟದ ಸಾಲು.
"ನೀನು ಆಪರೇಶನ್ ಮಾಡಿಸಿದ್ದೆಯಲ್ಲ?" ಎಂದಳು ಅಕ್ಕವ್ವ.
ಕೇಳಿದ್ದು ನನ್ನನ್ನು, ನೋಡಿದ್ದು ನನ್ನ ತಟ್ಟೆಯನ್ನು:
ಒಂದು ಕಡಂಬುಟ್ಟು, ಎರಡು ತುಂಡು ಪಂದಿ.
"ಹೌದು" ಎಂದೆ.
ಅವಳು ನಾಲ್ಕನೆಯ ಕಡಂಬುಟ್ಟು ಮುರಿಯುತ್ತಿದ್ದಳು.
ಮನೆಗೆ ಬಂದು, ದೀಪ ಹಾಕದೆ, ನಾನೂ ಮುರಿದೆ.

ಸೀರೆ ಎಲ್ಲವನ್ನೂ ಕ್ಷಮಿಸುತ್ತದೆ; ರವಿಕೆ ಹಾಗಲ್ಲ.
ಟೈಲರ್ ಮೊಯ್ದುವಿನ ಮುಂದೆ ಕವರು ಇಟ್ಟು
ಏನು ಹೇಳಲಿ ಎಂದು ಹುಡುಕುವಷ್ಟರಲ್ಲಿ
ಅವನು ರವಿಕೆ ಮಗುಚಿ ತೋರಿಸಿದ.
ಅಂದು ಹಿಡಿದ ಬಟ್ಟೆಯನ್ನು ಅವನು ಕತ್ತರಿಸಿಯೇ ಇರಲಿಲ್ಲ.
ಎರಡೂ ಬದಿ, ಎರಡೆರಡು ಬೆರಳು, ಒಳಗೇ ಮಡಚಿಟ್ಟಿದ್ದ.
"ಇರಲಿ ಅಂತ" ಎಂದ. ಕತ್ತೆತ್ತಲಿಲ್ಲ.
ಬಿಚ್ಚಿದ ಜಾಗದಲ್ಲಿ ಹಳೆಯ ಹೊಲಿಗೆಯ ತೂತುಗಳು,
ಇರುವೆ ಸಾಲಿನ ಹಾಗೆ.
ಅವು ಹೋಗುವುದಿಲ್ಲವಂತೆ. ಒಗೆದರೂ.

ಕಕ್ಕಡದ ತಿಂಗಳು. ಹೊರಗೆ ಹೊಡೆತದ ಮಳೆ.
ಐಯಣ್ಣ ಒಣಗಿಸಿಟ್ಟ ಕಾಫಿ ತಂದಿದ್ದಾರೆ.
ಮೀಟರು ಹದಿಮೂರು ತೋರಿಸುತ್ತಿದೆ. ಅವರ ಮುಖ ಕೆಂಪು.
"ಒಂದು ತೊಟ್ಟು ನೀರು ಹಾಕಿದ್ದರೆ ಕೈ ಕಡಿಯಿರಿ!
ಕಣದಲ್ಲಿ ನಾನೇ ನಿಂತು ಒಣಗಿಸಿದ್ದು."
"ಗೊತ್ತು" ಎಂದೆ, ಪ್ರತಿ ವರ್ಷ ಹೇಳುವ ಹಾಗೆ.
"ನಿಮ್ಮ ತಪ್ಪಲ್ಲ. ಎಷ್ಟು ಒಣಗಿಸಿದರೂ
ಬೀಜ ಗಾಳಿಯಿಂದ ನೀರು ಕುಡಿಯುತ್ತದೆ.
ಅದರ ಗುಣ ಅದು. ಬಿಸಿಲು ಬಂದಾಗ
ಮತ್ತೆ ಹರವಬೇಕು, ಅಷ್ಟೇ."
ಅವರು ಸಮಾಧಾನವಾಗಿ ಹೋದರು.
ನನ್ನ ಪೆನ್ನು ಖಾತೆಯ ಮೇಲೆ ನಿಂತುಬಿಟ್ಟಿತು.

ಸಂಜೆ ಕುಂಞಿರಾಮ ಷಟರು ಅರ್ಧ ಎಳೆದು
ಬೀಡಿ ಸೇದಲು ಹೊರಗೆ ಹೋದಾಗ
ಚಪ್ಪಲಿ ಬಿಟ್ಟು ಹಲಗೆ ಹತ್ತಿದೆ.
ತೊಂಬತ್ತನಾಲ್ಕು ಮುನ್ನೂರು.
ಕಣ್ಣು ಮುಚ್ಚಲಿಲ್ಲ ಅಂದರೆ ಸುಳ್ಳು.
ತೆರೆದಾಗಲೂ ಅಷ್ಟೇ ಇತ್ತು.
ಖಾತೆಯ ಕೊನೆಯ ಹಾಳೆಯಲ್ಲಿ ಬರೆದೆ.
'ಮಾಲು ಯಾರದು' ಎಂಬಲ್ಲಿ: ಸ್ವಂತ.

ಮರುದಿನ ಮೈಸೂರಿಗೆ ಫೋನು.
ಐದು ವರ್ಷ ತಪ್ಪಿಸಿಕೊಂಡ ನಂಬರು
ಬೆರಳಿಗೆ ಬಾಯಿಪಾಠ ಇತ್ತು.
"ಹೊಸ ಪೇಶೆಂಟಾ, ಹಳಬರಾ?" ಎಂದಳು ಹುಡುಗಿ.
ಗೋಡೆಯ ಫೋಟೊ ಅವಳ ಬೆನ್ನ ಹಿಂದೆಯೇ ಇರಬೇಕು.
"ಹಳಬಳು" ಎಂದೆ.
"ಹಾಗಾದರೆ ಹಳೆಯ ಕಾರ್ಡು ತನ್ನಿ."

ಕಾರ್ಡು ಅಟ್ಟದ ಮೇಲಿದೆ.
ಬಿದಿರಿನ ಏಣಿ ಇಟ್ಟು ಕೆಳಗಿನ ಮೆಟ್ಟಿಲು ತುಳಿದು ನೋಡಿದೆ.
ಕಿರ್ ಅಂತು.
ತಡೆಯುತ್ತದೆ.